ಶಾಖದ ಗಂಟು

ಬೆಂದ ಕಾಡುಶುಂಠಿಯ ವಾಸನೆ ಬಂದರೆ ವಂದೀಗೆ ಈಗಲೂ ಪಕ್ಕದಲ್ಲೆಲ್ಲೋ ಒಂದು ಮಗು ಹುಟ್ಟಿದೆ ಅನ್ನಿಸುತ್ತದೆ. ಚಿಕ್ಕವಳಿದ್ದಾಗ ಶಾಲೆಯಿಂದ ಬರುತ್ತ ದಾರಿಯಲ್ಲೇ ಆ ವಾಸನೆ ಹಿಡಿದು, ಇವತ್ತು ಅಮ್ಮ ಯಾರ ಮನೆಯಲ್ಲಿದ್ದಾಳೆಂದು ಅವಳು ಹೇಳಿಬಿಡುತ್ತಿದ್ದಳು. ಕಾಡುಶುಂಠಿ, ಅರಿಶಿನ, ನಿಂಬೆಹುಲ್ಲು, ಹುಣಸೆಯ ಚಿಗುರು, ಒಂದು ಹಿಡಿ ಉಪ್ಪು, ಚೂರು ಕರ್ಪೂರ. ಇಷ್ಟನ್ನು ಜಜ್ಜಿ, ಬಿಳಿ ಬಟ್ಟೆಯಲ್ಲಿ ಮುಷ್ಟಿಗಾತ್ರದ ಗಂಟು ಕಟ್ಟಿ, ಕುದಿಯುವ ಮಡಕೆಯ ಬಾಯಿಗಿಟ್ಟು ಹಬೆಯಲ್ಲಿ ಬೇಯಿಸಬೇಕು. ಆ ಬಿಸಿ ಗಂಟನ್ನು ಬಾಣಂತಿಯ ಹೊಟ್ಟೆಗೆ, ಸೊಂಟಕ್ಕೆ, ಹಾಲು ಕಟ್ಟಿ ಕಲ್ಲಾದ ಎದೆಗೆ ಒತ್ತುತ್ತ, ಒತ್ತುತ್ತ, ಅವಳ ತಾಯಿ ಖಾಮ್ಲಾ ಮೂನ್ ನದಿಯ ಈ ದಂಡೆಯ ಹೆಂಗಸರನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಿದ್ದಳು. ಊರಿನಲ್ಲಿ ಅವಳ ಕೈ ಬೀಳದ ತಾಯಂದಿರಿರಲಿಲ್ಲ. ವಂದೀಯನ್ನು ಹೆತ್ತ ಬಾಣಂತನದಲ್ಲಿ ಮಾತ್ರ ಅವಳಿಗೆ ಯಾರೂ ಶಾಖ ಕೊಟ್ಟಿರಲಿಲ್ಲವಂತೆ. ಅದನ್ನೂ ಅವಳು ನಗುತ್ತಲೇ ಹೇಳುತ್ತಿದ್ದಳು.

ಈಗ ಖಾಮ್ಲಾಗೆ ಎಪ್ಪತ್ತು ದಾಟಿದೆ. ವಂದೀ ಸಂತೆ ಬೀದಿಯ ಮೂಲೆಯಲ್ಲಿ ಕೆಂಡದ ಮೇಲೆ ಕೋಳಿ ಸುಟ್ಟು ಮಾರುತ್ತಾಳೆ. ಗಂಡ ಥೊಂಗ್ಸುಕ್ ಊರಿಂದ ಜಿಲ್ಲಾ ಪೇಟೆಗೆ ಜನರನ್ನು ತುಂಬಿಕೊಂಡು ಟೆಂಪೋ ಓಡಿಸುತ್ತಾನೆ. ಒಬ್ಬಳೇ ಮಗಳು ಫಿಕುನ್, ಊರೂರು ತಿರುಗುವ ಒಂದು ಹಾಡಿನ ಮೇಳದಲ್ಲಿ ಕುಣಿಯುತ್ತಿದ್ದಳು.

ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ವಿಹಾರ ಬಿಟ್ಟು ಹೊರಡುವುದಿಲ್ಲ, ಮೇಳಗಳೂ ಹೊರಡುವುದಿಲ್ಲ. ರೈತರು ಬಿಡುವಿನಲ್ಲಿ ನೇಗಿಲು ಸರಿಮಾಡಿಸಿಕೊಳ್ಳುವ ಹಾಗೆ ಮೇಳದ ಹುಡುಗಿಯರು ಆ ಬಿಡುವಿನಲ್ಲಿ ತಮ್ಮನ್ನು ಸರಿಮಾಡಿಸಿಕೊಳ್ಳುತ್ತಾರೆ. ಒಬ್ಬಳು ಹಲ್ಲು, ಒಬ್ಬಳು ಮೂಗು. ಆ ವರ್ಷ ಮೇಳದ ಮುಂದಿನ ಸಾಲಿನ ನಡುವೆ ಕುಣಿಯುವವಳು ಮದುವೆಯಾಗಿ ಬಿಟ್ಟುಹೋಗಿದ್ದಳು. ಆ ಜಾಗ ಫಿಕುನ್‌ಗೆ ಸಿಗಬಹುದೆಂದು ಮೇಳದ ಯಜಮಾನ ಹೇಳಿದ್ದ. ಯಜಮಾನನ ಹೆಂಡತಿ ಅವಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಆ ಜಾಗದ ಉಡುಪು ಇವಳಿಗೆ ಸಡಿಲವಾಗುತ್ತದಲ್ಲ ಅಂದಿದ್ದಳು. ಅಷ್ಟು ಸಾಕಾಯಿತು.

ಎದೆಗೆ ಶಸ್ತ್ರಚಿಕಿತ್ಸೆ ಎಂಬ ಮಾತು ಊಟದ ಚಾಪೆಯ ಮೇಲೆ ಬಂದಾಗ ಥೊಂಗ್ಸುಕ್ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ್ದ.

"ಹುಟ್ಟಿ ಬಂದದ್ದು ಸಾಲದಾ ನಿಂಗೆ?"

"ಹಿಂದಿನ ಸಾಲಿಗೆ ಸಾಕಪ್ಪ. ಮುಂದಿನ ಸಾಲಿಗೆ ಸಾಲ್ತಿಲ್ಲ."

ಖಾಮ್ಲಾ ಮಾತ್ರ ನಕ್ಕಳು. "ನಮ್ಮ ಕಾಲ್ದಲ್ಲಿ ಕುಣಿಯೋ ಹುಡುಗೀರು ರವಿಕೆ ಒಳಗೆ ಹತ್ತಿ ತುಂಬ್ಕೋತಿದ್ರು. ಬೆವರಿಗೆ ಒದ್ದೆಯಾಗಿ ಒಂದು ಕಡೇದು ಇಳಿದುಬಿಡ್ತಿತ್ತು. ಅದೊಂದೇ ತೊಂದ್ರೆ."

ಆ ಮಾತು ಆಮೇಲೆ ಎಷ್ಟೋ ಸಲ ವಂದೀಗೆ ನೆನಪಾಯಿತು.

ಚಿಕಿತ್ಸೆ ಖೊನ್ ಕೇನ್ ಪಟ್ಟಣದಲ್ಲಿ ಆಯಿತು. ಜೊತೆಗೆ ಹೋದವಳು ವಂದೀ. ಮನೆಗೆ ಕಳಿಸುವ ದಿನ ನರ್ಸು ಬಾಗಿಲಲ್ಲಿ ನಿಂತು ಸಾವಧಾನವಾಗಿ ಎಲ್ಲ ಹೇಳಿದಳು. ಒಂದು ತಿಂಗಳು ಯಾರೂ ಕೈ ಹಚ್ಚಬಾರದು. ಮುಂದಿನ ಸಲ ಬಂದಾಗ ಹೇಗೆ ಮೆಲ್ಲಗೆ ಒತ್ತಿಕೊಳ್ಳಬೇಕೆಂದು ಹುಡುಗಿಗೇ ಕಲಿಸಿಕೊಡುತ್ತೇವೆ, ಅವಳೇ ತನ್ನ ಕೈಯಿಂದ ಮಾಡಿಕೊಳ್ಳಲಿ. ಕೆಳಗೆ ರಸ್ತೆಯಲ್ಲಿ ಥೊಂಗ್ಸುಕ್ ಹಾರ್ನ್ ಬಾರಿಸುತ್ತಿದ್ದ, ಫಿಕುನಳ ಒಂದು ಚಪ್ಪಲಿ ಮಂಚದಡಿ ಸಿಗುತ್ತಿರಲಿಲ್ಲ. ಮದ್ದಿನ ಮಂಪರಿನಲ್ಲಿದ್ದ ಮಗಳನ್ನು ಒಂದು ತೋಳಲ್ಲಿ ಹಿಡಿದುಕೊಂಡು ವಂದೀ ಎಲ್ಲದಕ್ಕೂ ಹೂಂ, ಹೂಂ ಅಂದಳು.

ಮನೆಗೆ ಬಂದ ದಿನದಿಂದ ಖಾಮ್ಲಾಳ ಕಟ್ಟಳೆ ಶುರುವಾಯಿತು. ಅಂಟಕ್ಕಿ ಅನ್ನ ತಿಂದರೆ ಗಾಯ ಕೀವುಗಟ್ಟುತ್ತದೆ, ಮೊಟ್ಟೆ ತಿಂದರೆ ಕಲೆ ಉಬ್ಬಿಕೊಳ್ಳುತ್ತದೆ, ಉಪ್ಪು ಹಾಕಿ ಹುಳಿಬರಿಸಿದ ಮೀನಂತೂ ಕಣ್ಣಿಗೂ ಬೀಳಬಾರದು. ಮೂರು ಹೊತ್ತೂ ಅಂಟಕ್ಕಿ ಉಣ್ಣುವ ಮನೆಯಲ್ಲಿ ಮೊಮ್ಮಗಳಿಗೆಂದೇ ಬೇರೆ ಪಾತ್ರೆಯಲ್ಲಿ ಉದುರು ಅನ್ನ ಬೆಂದಿತು. ಗಾಯ ಕೂಡಲಿ ಎಂದು ಕೊರವ ಮೀನು ಸುಟ್ಟು, ಮುಳ್ಳು ಬಿಡಿಸಿ ತಟ್ಟೆಯ ಪಕ್ಕಕ್ಕಿಟ್ಟಳು.

"ಅಜ್ಜಿ, ಡಾಕ್ಟ್ರು ಏನ್ ಬೇಕಾದ್ರೂ ತಿನ್ನು ಅಂದಿದಾರೆ."

"ಡಾಕ್ಟ್ರು ಎಷ್ಟು ಬಾಣಂತೀರನ್ನ ಕಂಡಿದಾರಂತೆ?"

"ನಾನೇನು ಹೆತ್ತಿದೀನಾ?"

"ಹೊಟ್ಟೆ ಕೊಯ್ದ್ರೂ ಗಾಯಾನೇ, ಎದೆ ಕೊಯ್ದ್ರೂ ಗಾಯಾನೇ. ತಿನ್ನು, ಆರೋಗುತ್ತೆ."

ಫಿಕುನ್ ನಗುತ್ತ ತಿಂದಳು. ಮಧ್ಯಾಹ್ನ ಅಮ್ಮನ ಅಂಗಡಿಗೆ ಬಂದು, ಕೆಂಡದ ಹಿಂದೆ ಕೂತು, ಅಂಟಕ್ಕಿಯ ಜೊತೆ ಒಂದು ಬೇಯಿಸಿದ ಮೊಟ್ಟೆಯನ್ನೂ ತಿಂದಳು. ಅಜ್ಜಿಗೆ ಹೇಳಬೇಡ ಎಂದು ವಂದೀಗೆ ಕಣ್ಣು ಹೊಡೆದಳು.

ಎರಡನೇ ವಾರ ಎಡಗಡೆ ಬಿಗಿದುಕೊಂಡು ಕಲ್ಲಿನ ಹಾಗಾಯಿತು. ಮೇಲಿನ ಚರ್ಮಕ್ಕೆ ಸ್ಪರ್ಶವೇ ಇಲ್ಲ, ಒಳಗೆ ಮಾತ್ರ ಹಗ್ಗ ಹಾಕಿ ಎಳೆದ ಹಾಗೆ. ಹುಡುಗಿಗೆ ಮಲಗಲಾಗದು, ಕೂರಲಾಗದು. ಖಾಮ್ಲಾ ಹತ್ತಿರ ಕೂತು ಬೆರಳ ತುದಿಯಿಂದ ಒಮ್ಮೆ ಮುಟ್ಟಿ ನೋಡಿ, ಎದ್ದು, ವಂದೀಯ ಅಂಗಡಿಗೆ ತಾನೇ ನಡೆದು ಬಂದಳು. ಅದು ಸಂತೆಯ ದಿನ. ವಂದೀಯ ಮುಂದೆ ಐದಾರು ಗಿರಾಕಿಗಳು, ಒಲೆಯ ಮೇಲೆ ಕೋಳಿ ಸೀಯುತ್ತಿತ್ತು.

"ವಂದೀ, ಒತ್ತಬಹುದಾ ಅಂತ ಕೇಳಿದ್ಯಾ? ನಾನು ಹಾಲು ಕಟ್ಟಿದ ಎದೆ ಕಂಡೋಳು. ಇದನ್ನ ಕಂಡಿಲ್ಲ. ಒಳಗೆ ಏನೋ ಇಟ್ಟಿದಾರಲ್ಲ. ಡಾಕ್ಟ್ರು ಏನಂದ್ರು?"

"ಹೂಂ, ಒತ್ತಬೇಕು ಅಂತ್ಲೇ ಅಂದ್ರಮ್ಮ," ಅಂದಳು ವಂದೀ, ಹೊಗೆಗೆ ಮುಖ ತಿರುಗಿಸಿ, ಕೋಳಿ ಮಗುಚುತ್ತ.

ಮರುದಿನ ಬೆಳಿಗ್ಗೆ ಮನೆ ತುಂಬ ಕಾಡುಶುಂಠಿಯ ವಾಸನೆ. ಖಾಮ್ಲಾ ಮೊಮ್ಮಗಳನ್ನು ಚಾಪೆಯ ಮೇಲೆ ಒರಗಿಸಿ, ಗಂಟನ್ನು ಮೊದಲು ತನ್ನ ಮೊಣಕೈಗೆ ಇಟ್ಟು ಬಿಸಿ ನೋಡಿ, ಆಮೇಲೆ ಅವಳಿಗಿಟ್ಟಳು. ಒಳಗಿನಿಂದ ಹೊರಕ್ಕೆ, ಮೇಲಿನಿಂದ ಕೆಳಕ್ಕೆ. ಹಾಲಿನ ಗಂಟು ಕರಗಿಸುವ ದಾರಿ ಅದೇ. ಅಂಗೈಯ ಬುಡ ಊರಿ ಅವಳು ಒತ್ತುತ್ತಿದ್ದರೆ ಫಿಕುನ್ ಕಣ್ಣು ಮುಚ್ಚಿಕೊಂಡು, "ಇನ್ನೂ ಗಟ್ಟಿಯಾಗಿ ಒತ್ತಜ್ಜಿ, ಅಲ್ಲಿ ನಂಗೇನೂ ಗೊತ್ತಾಗ್ತಾನೇ ಇಲ್ಲ" ಅನ್ನುತ್ತಿದ್ದಳು. ದಿನಾ ಬೆಳಿಗ್ಗೆ ಹೀಗೇ. ವಾರ ಕಳೆಯುವುದರೊಳಗೆ ಬಿಗಿತ ಸಡಿಲಿತು. ಹುಡುಗಿ ನಿದ್ದೆ ಮಾಡಿದಳು. ಮಗಳಿಗೆ ಶಸ್ತ್ರಚಿಕಿತ್ಸೆ ಬೇಡವೆಂದಿದ್ದ ಥೊಂಗ್ಸುಕ್ ಕೂಡ ಪೇಟೆಯಿಂದ ಅತ್ತೆಗೆಂದು ಎಲೆ ಅಡಿಕೆ ತಂದುಕೊಟ್ಟ.

ಮೇಳದಿಂದ ಉಡುಪು ಬಂತು. ತೋಳಿಲ್ಲದ, ಕನ್ನಡಿ ಚೂರು ಹೊಲಿದ ಹಸಿರು ಕುಪ್ಪಸ. ಅದನ್ನು ಅಳತೆಗೆ ಹಿಡಿಯಲು ವಂದೀ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮಗಳ ಮುಂದೆ ಕೂತಾಗ ಕಂಡಿತು. ಬಲಗಡೆಯದು ಇದ್ದಲ್ಲಿ ಇದೆ. ಎಡಗಡೆಯದು ಕಂಕುಳ ಕಡೆಗೆ, ಕೆಳಕ್ಕೆ ಸರಿದಿದೆ, ತೊಟ್ಟಿಲಲ್ಲಿ ನಿದ್ದೆಯ ನಡುವೆ ಅಂಚಿಗೆ ಜರುಗಿದ ಮಗುವಿನ ತಲೆಯ ಹಾಗೆ. ವಂದೀ ಕುಪ್ಪಸವನ್ನು ಎಳೆದು ನೋಡಿದಳು, ಹೊಲಿಗೆ ಬಿಚ್ಚಿ ನೋಡಿದಳು. ಫಿಕುನ್ ಕೆಳಗೆ ನೋಡಲಿಲ್ಲ. ಗೋಡೆಯ ಕನ್ನಡಿಯನ್ನೇ ನೋಡುತ್ತ, "ಉಡುಪಿಂದಲ್ಲಮ್ಮ ತಪ್ಪು" ಅಂದಳು.

ಖೊನ್ ಕೇನ್‌ನಲ್ಲಿ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಕೈ ತೊಳೆದುಕೊಂಡು ಬಂದು, ಯಾರಾದರೂ ಒತ್ತಿದರೇ, ಶಾಖ ಕೊಟ್ಟರೇ ಎಂದು ಕೇಳಿದರು. ಫಿಕುನ್ ಅಮ್ಮನ ಮುಖ ನೋಡಿದಳು. ವಂದೀ ನೆಲ ನೋಡುತ್ತ, ಒಂದು ವಾರ ಶಾಖ ಕೊಟ್ಟು ಒತ್ತಿದರು, ಬಿಗಿತ ಸಡಿಲಾಯಿತು ಅಂದಳು. ಡಾಕ್ಟರಮ್ಮ ಗದರಲಿಲ್ಲ. ತಮ್ಮ ಎಡ ಮುಷ್ಟಿಯನ್ನು ಬಲ ಅಂಗೈಯಲ್ಲಿ ಕೂರಿಸಿ ತೋರಿಸಿದರು.

"ಒಳಗಿನ ಚೀಲ ಕೂರೋಕೆ ನಾವೊಂದು ಗೂಡು ಮಾಡಿರ್ತೀವಿ. ಗೂಡಿನ ಗೋಡೆ ಹಸಿಯಾಗಿರುತ್ತೆ. ಆಗ ಒತ್ತಿದ್ರೆ ಗೋಡೆ ಹಿಗ್ಗಿ ಚೀಲ ಜಾರುತ್ತೆ. ಬಿಗಿತ ಸಡಿಲಾಯ್ತು ಅಂದ್ರಲ್ಲ, ಸಡಿಲಾಗಿದ್ದು ಆ ಗೋಡೆ."

ಸರಿಮಾಡಬಹುದು, ಆದರೆ ಈಗಲೇ ಅಲ್ಲ. ಹಿಗ್ಗಿದ ಗೋಡೆ ಗಟ್ಟಿಯಾಗುವವರೆಗೆ ಕಾಯಬೇಕು. ಚಳಿಗಾಲ ಮುಗಿಯುವ ಹೊತ್ತಿಗೆ ಅದೇ ಗಾಯದ ದಾರಿಯಲ್ಲಿ ತೆರೆದು, ಚೀಲ ತೆಗೆದು, ಗೂಡಿನ ಬದಿಯನ್ನೂ ಅಡಿಯನ್ನೂ ಹೊಲಿದು, ಮತ್ತೆ ಕೂರಿಸಬೇಕು. ಅಲ್ಲಿಯವರೆಗೆ ಕುಣಿತ ಬೇಡ. ಆಮೇಲೂ ಕೆಲವು ತಿಂಗಳು ಬೇಡ.

ಅಂದರೆ ಈ ವರ್ಷದ ತಿರುಗಾಟವಿಲ್ಲ. ಮುಂದಿನ ಸಾಲಿನ ಆ ಜಾಗ ಇನ್ನೊಬ್ಬಳಿಗೆ.

ಟೆಂಪೋದಲ್ಲಿ ಹಿಂದಿರುಗುವಾಗ ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು. ಊರಿನ ಸೇತುವೆ ಕಾಣಿಸಿದಾಗ ಫಿಕುನ್ ಬಾಯಿ ತೆರೆದಳು. "ಅಜ್ಜಿಗೆ ಹೇಳ್ಬೇಡಿ. ಸತ್ತೇಹೋಗ್ತಾಳೆ."

ಥೊಂಗ್ಸುಕ್ ತಲೆಯಾಡಿಸಿದ. ವಂದೀಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಹಾಗೆ ಇಳಿದದ್ದಕ್ಕೆ ತಾನೇ ನಾಚಿಕೊಂಡು ಕಿಟಕಿಯ ಹೊರಗೆ ನೋಡಿದಳು.

ಚೀಲ ತಾನಾಗಿಯೇ ಜರುಗಿದೆಯಂತೆ, ಕೆಲವರಿಗೆ ಹಾಗಾಗುತ್ತದಂತೆ ಎಂದು ಖಾಮ್ಲಾಗೆ ಹೇಳಿದರು. ಅವಳು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ, "ಇನ್ನೊಂದು ವಾರ ಶಾಖ ಕೊಟ್ಟಿದ್ರೆ ನಿಲ್ತಿತ್ತೇನೋ" ಅಂದಳು.

ಫಿಕುನ್ ತಟ್ಟೆ ಬಿಟ್ಟು ಎದ್ದುಹೋದಳು.

ಮಳೆ ನಿಂತಿತು. ವಿಹಾರದಲ್ಲಿ ಭಿಕ್ಷುಗಳಿಗೆ ಹೊಸ ಚೀವರದ ಬಟ್ಟೆ ಕೊಟ್ಟಾಯಿತು. ಮೇಳಗಳು ಲಾರಿ ಹತ್ತಿದವು. ಫಿಕುನಳ ಜಾಗಕ್ಕೆ ಹತ್ತೊಂಬತ್ತರ ಹುಡುಗಿಯೊಬ್ಬಳು ಬಂದಳೆಂದು ಯಾರೋ ಕೋಳಿ ಕೊಳ್ಳಲು ಬಂದವರು ಹೇಳಿದರು. ಫಿಕುನ್ ಈಗ ಅಮ್ಮನ ಅಂಗಡಿಯಲ್ಲಿ ಕೂತು, ಸೀಳಿದ ಬಿದಿರುಕಡ್ಡಿಗಳ ನಡುವೆ ಕೋಳಿ ಸಿಕ್ಕಿಸುತ್ತಿದ್ದಳು. ಅಪ್ಪನ ಅಂಗಿ ತೊಟ್ಟುಕೊಂಡು, ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು. ಏನಮ್ಮಾ, ನಮ್ಮೂರ ತಾರೆ ಈ ಸಲ ಕೋಳಿಗಳನ್ನ ಕುಣಿಸ್ತಿದಾಳಾ ಎಂದು ಒಬ್ಬ ಗಿರಾಕಿ ಚುಡಾಯಿಸಿದ. ವಂದೀ ಅವನ ಕೋಳಿಯನ್ನು ಎಲ್ಲರದ್ದಕ್ಕಿಂತ ಆಮೇಲೆ ಕೊಟ್ಟಳು.

ಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಏನೋ ಮುರಿದಿತ್ತು, ಏನೆಂದು ಅಜ್ಜಿಗೆ ಗೊತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದರೆ ಹುಡುಗಿ ಬೇಡವೆಂದಳು. ಕಾಲು ಒತ್ತಲು ಬಂದರೆ ಕಾಲೆಳೆದುಕೊಂಡಳು. ಅಜ್ಜಿ ಸುಟ್ಟ ಮೀನು ತಟ್ಟೆಯಲ್ಲೇ ಉಳಿಯತೊಡಗಿತು. ಖಾಮ್ಲಾ ಅದನ್ನು ಬೆಕ್ಕಿಗೂ ಹಾಕದೆ, ಮುಚ್ಚಿಟ್ಟು, ಮರುದಿನ ತಾನೇ ತಿನ್ನುತ್ತಿದ್ದಳು. ಒಂದು ಸಂಜೆ ಮುಳ್ಳು ಬಿಡಿಸಿದ ತುಂಡೊಂದನ್ನು ಅವಳು ಮೊಮ್ಮಗಳ ಅನ್ನದ ಮೇಲಿಟ್ಟಾಗ ಫಿಕುನ್ ಅದನ್ನೆತ್ತಿ ತಟ್ಟೆಯ ಅಂಚಿಗೆ ಇಟ್ಟಳು.

"ದೊಡ್ಡೋರು ಕೊಟ್ಟದ್ದನ್ನ ತಳ್ಳಬಾರ್ದು," ಅಂದ ಥೊಂಗ್ಸುಕ್.

"ಯಾಕೆ ತಳ್ತಿದೀನಿ ಅಂತ ನಿಂಗೊತ್ತಲ್ಲಪ್ಪ."

ಖಾಮ್ಲಾ ಅಳಿಯನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಊಟವಾದ ಮೇಲೆ ಪಾತ್ರೆ ತೊಳೆಯುತ್ತಿದ್ದ ವಂದೀಯ ಪಕ್ಕ ಬಂದು ಕುಕ್ಕುರುಗಾಲಲ್ಲಿ ಕೂತು, ನೀರು ಹೊಯ್ದುಕೊಡುತ್ತ ಕೇಳಿದಳು:

"ನಾನೇನಾದ್ರೂ ಅನ್ನಬಾರದ್ದು ಅಂದ್ನಾ ಅವ್ಳಿಗೆ? ವಯಸ್ಸಾಯ್ತು ನೋಡು, ಏನಂದೆ ಅಂತ್ಲೂ ಮರ್ತೋಗುತ್ತೆ."

"ಏನಿಲ್ಲಮ್ಮ. ಮೇಳ ತಪ್ಪಿದ ಬೇಜಾರು ಅವ್ಳಿಗೆ," ಅಂದಳು ವಂದೀ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಭತ್ತದ ಕೊಯ್ಲು ಮುಗಿದ ಮೇಲೆ ಒಂದು ದಿನ ಮೂರನೇ ಮನೆಯ ಬುಪ್ಪಾ ಬಂದಳು. ಅವಳ ಸೊಸೆ ನುವಾನ್ ಸಮುದ್ರದ ಕಡೆ ಯಾವುದೋ ಹೋಟೆಲಿನಲ್ಲಿ ಕೆಲಸಕ್ಕಿದ್ದವಳು, ಅಲ್ಲೇ ಇದೇ ಚಿಕಿತ್ಸೆ ಮಾಡಿಸಿಕೊಂಡು, ಸುಧಾರಿಸಿಕೊಳ್ಳಲು ಊರಿಗೆ ಬಂದಿದ್ದಳು. ಹತ್ತು ದಿನವಾಗಿದೆ, ಕಲ್ಲಿನ ಹಾಗೆ ಬಿಗಿದಿದೆ, ಹುಡುಗಿ ಅಳುತ್ತಾಳೆ.

"ದೊಡ್ಡಮ್ಮಾ, ನಿಮ್ಮ ಮೊಮ್ಮಗಳಿಗೆ ಮಾಡಿದ್ರಲ್ಲ, ಹಾಗೇ ಒಂದು ವಾರ ಮಾಡ್ಕೊಡಿ. ನಿಮ್ಮ ಕೈ ಬಿಟ್ರೆ ಇನ್ಯಾರ ಕೈ?"

ಎಷ್ಟೋ ವಾರಗಳ ಮೇಲೆ ಖಾಮ್ಲಾಳ ಮುಖ ಅರಳಿತು. ಹಿತ್ತಿಲಿಗೆ ಹೋಗಿ ತಾನೇ ಗುದ್ದಲಿ ಹಿಡಿದು ಕಾಡುಶುಂಠಿ ಅಗೆದಳು. ಅಟ್ಟದಿಂದ ಮಡಕೆ ಇಳಿಸಿ ಬೂದಿ ಹಚ್ಚಿ ತೊಳೆದಳು. ಬಿಳಿ ಬಟ್ಟೆ ಕುದಿಸಿ ಹಗ್ಗದ ಮೇಲೆ ಒಣಗಲು ಹಾಕಿದಳು. ವಂದೀ ಅಂಗಡಿಯಿಂದ ಬಂದು ಹಗ್ಗದ ಮೇಲಿನ ಬಟ್ಟೆ ನೋಡಿ ಅಲ್ಲೇ ನಿಂತಳು. ಅಮ್ಮ, ನಿನ್ನ ಮೊಣಕಾಲು ಸರಿಯಿಲ್ಲ ಅಂದಳು. ಮೂರು ಮನೆ ದಾಟೋಕೆ ಮೊಣಕಾಲು ಯಾಕೆ ಎಂದು ಉತ್ತರ ಬಂತು. ಮೊದಲು ಅವರ ಡಾಕ್ಟರನ್ನು ಕೇಳಲಿ ಅಂದಳು. ಕೇಳಿರ್ತಾರೆ ಬಿಡು, ನೀನೂ ಕೇಳಿದ್ಯಲ್ಲ ಎಂದಳು ಖಾಮ್ಲಾ. ವಂದೀ ಒಳಗೆ ಹೋದಳು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡಳು.

ಬೆಳಿಗ್ಗೆ ಕೋಳಿ ತರಲು ಸಂತೆಗೆ ಹೋಗಿ ಬರುವಷ್ಟರಲ್ಲಿ ಬೀದಿಯ ತಿರುವಿನಲ್ಲೇ ವಾಸನೆ ಬಡಿಯಿತು. ವಂದೀ ಬುಟ್ಟಿ ಹೊತ್ತುಕೊಂಡೇ ಓಡಿದಳು.

ಅಂಗಳದಲ್ಲಿ ಮಡಕೆ ಕುದಿಯುತ್ತಿತ್ತು. ಗಂಟುಗಳು ಹಬೆಯಲ್ಲಿದ್ದವು. ಮಡಕೆಯ ಈಚೆ ಖಾಮ್ಲಾ, ಆಚೆ ಫಿಕುನ್, ಅಪ್ಪನ ಅಂಗಿಯಲ್ಲೇ, ತಲೆ ಬಾಚದೆ, ನೆಲದ ಮೇಲೆ ಕೂತಿದ್ದಳು.

"ಹೋಗ್ಬೇಡಜ್ಜಿ."

"ಆ ಹುಡುಗಿ ಅಳ್ತಿದಾಳಂತೆ ಕಣೇ. ನಿಂಗೆ ಆಗಿತ್ತಲ್ಲ, ಗೊತ್ತಿಲ್ವಾ?"

"ಅದಕ್ಕೇ ಹೇಳ್ತಿದೀನಿ." ಫಿಕುನ್ ಎರಡೂ ಕೈಗಳಿಂದ ಅಂಗಿಯ ತುದಿ ಹಿಡಿದುಕೊಂಡಿದ್ದಳು. "ನನ್ನದು ತಾನಾಗೇ ಜಾರ್ಲಿಲ್ಲ ಅಜ್ಜಿ. ಒಳಗಿನ ಗಾಯ ಹಸಿಯಾಗಿತ್ತು. ಒತ್ತಿದ್ದಕ್ಕೆ ಜಾರ್ತು. ಡಾಕ್ಟ್ರು ಹೇಳಿದ್ರು."

ಖಾಮ್ಲಾ ತನ್ನ ಅಂಗೈಗಳನ್ನು ನೋಡಿಕೊಳ್ಳಲಿಲ್ಲ, ಅಳಲಿಲ್ಲ. ಲೆಕ್ಕ ತಪ್ಪಿದವಳಂತೆ ಹುಬ್ಬು ಗಂಟಿಕ್ಕಿ ಕೇಳಿದಳು:

"ಯಾವಾಗ ಹೇಳಿದ್ರು?"

"ಮಳೆ ನಿಲ್ಲೋಕೆ ಮುಂಚೆ."

"ಅಷ್ಟು ದಿನದಿಂದ ಇದನ್ನ ಹೊಟ್ಟೇಲಿಟ್ಕೊಂಡು ನನ್ ಜೊತೆ ಕೂತು ಉಂಡ್ರಾ ಎಲ್ರೂ?"

ಆಗ ಅವಳು ತಲೆಯೆತ್ತಿ ವಂದೀಯನ್ನು ನೋಡಿದಳು. ನಾನು ಕೇಳಿದ್ದೆನಲ್ಲ ಎಂಬ ಮಾತು ಈಗ ಬಂತು, ಈಗ ಬಂತು ಎಂದು ವಂದೀ ಬುಟ್ಟಿ ಹೊತ್ತು ನಿಂತೇ ಇದ್ದಳು. ಅದು ಬರಲಿಲ್ಲ. ಖಾಮ್ಲಾ ಕಣ್ಣು ತಿರುಗಿಸಿ, ಗಂಟುಗಳನ್ನು ಒಂದೊಂದಾಗಿ ಎತ್ತಿ ಬಿಚ್ಚಿ, ಬೆಂದ ಬೇರುಗಳನ್ನು ಪರಂಗಿ ಗಿಡದ ಬುಡಕ್ಕೆ ಸುರಿದಳು. ಬಟ್ಟೆ ಹಿಂಡಿ ಮಡಚಿದಳು. ಮಡಕೆಯ ನೀರು ಚೆಲ್ಲಿದಳು. ಆಮೇಲೆ ಮೇಲುಹೊದಿಕೆ ಸರಿಮಾಡಿಕೊಂಡು ಬುಪ್ಪಾಳ ಮನೆಗೆ ನಡೆದಳು. ಒತ್ತಿಸಬೇಡಿ, ನನ್ನಿಂದಲೂ ಬೇಡ, ಯಾರಿಂದಲೂ ಬೇಡ, ನನ್ನ ಮೊಮ್ಮಗಳಿಗೆ ನಾನೇ ಕೆಡಿಸಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಿ ಬಂದಳೆಂದು ಬುಪ್ಪಾ ಆಮೇಲೆ ವಂದೀಗೆ ಹೇಳಿದಳು. ಹೇಳುವಾಗ ಬುಪ್ಪಾಳೇ ಅತ್ತಳು.

ಅಂದಿನಿಂದ ಖಾಮ್ಲಾ ಯಾರನ್ನೂ ಮುಟ್ಟಲಿಲ್ಲ. ನದಿಯಾಚೆಯಿಂದ ಒಬ್ಬ ಬಾಣಂತಿಯ ಗಂಡ ಬೈಕು ತಂದುಕೊಂಡು ಕರೆಯಲು ಬಂದ. ಮಣಿಕಟ್ಟು ಸೋತಿದೆಯಪ್ಪ ಎಂದು ಕಳಿಸಿದಳು. ಹೊಸ ಮಗುವನ್ನು ತೋರಿಸಲು ತಂದವರಿಗೆ ದೂರದಿಂದಲೇ ಹರಸಿದಳು. ಮಡಕೆಯಲ್ಲಿ ಕೋಳಿಗಳಿಗೆ ನೀರಿಟ್ಟಳು. ಊಟದ ಹೊತ್ತಿಗೆ ಚಾಪೆಯ ಅಂಚಿನಲ್ಲಿ ಕೂತು ಎರಡು ತುತ್ತು ಉಂಡು, ಎಲ್ಲರ ಪಾತ್ರೆ ತೊಳೆದು, ಮಲಗುತ್ತಿದ್ದಳು. ಇದು ತಿನ್ನಬೇಡ, ಅದು ತಿನ್ನು ಎಂದು ಮನೆಯಲ್ಲಿ ಹೇಳುವವರೇ ಇಲ್ಲವಾಯಿತು. ವಂದೀಗೆ ಕೆಮ್ಮು ಬಂದಾಗ, ಅಮ್ಮ, ಏನು ಕಷಾಯ ಮಾಡಲಿ ಎಂದು ಬೇಕೆಂದೇ ಕೇಳಿದಳು. "ಅಂಗಡೀಲಿ ಮಾತ್ರೆ ಸಿಗುತ್ತಲ್ಲ" ಎಂದಳು ಖಾಮ್ಲಾ.

ಫಿಕುನಳ ಸಿಟ್ಟು ಹೇಳಿದ ದಿನವೇ ಇಳಿದಿತ್ತು. ಆದರೆ ಆ ಜಾಗದಲ್ಲಿ ಬೇರೆ ಏನನ್ನಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಎಣ್ಣೆಯ ಬಟ್ಟಲು ಹಿಡಿದು ಒಮ್ಮೆ ಅಜ್ಜಿಯ ಮುಂದೆ ಹೋಗಿ ಕೂತಳು. ಖಾಮ್ಲಾ ಬಟ್ಟಲನ್ನು ನೋಡಿ, "ನಿಮ್ಮಮ್ಮನ ಹತ್ರ ಹಚ್ಚಿಸ್ಕೋ ಮಗಳೇ" ಎಂದು ಎದ್ದು, ಕೋಳಿಗಳಿಗೆ ನುಚ್ಚು ಹಾಕಲು ಹೋದಳು.

ಚಳಿ ಹೋಗಿ ಗಾಳಿ ಬಿಸಿಯಾಗುತ್ತಿದ್ದ ಹೊತ್ತಿಗೆ ಆಸ್ಪತ್ರೆಯಿಂದ ದಿನ ಗೊತ್ತಾಯಿತು. ಈ ಸಲವೂ ಜೊತೆಗೆ ವಂದೀ. ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ, ಹಸಿರು ನಿಲುವಂಗಿಯಲ್ಲಿ ಕೂತ ಮಗಳ ಜಡೆ ಬಿಚ್ಚಿ ಗಂಟು ಹಾಕುತ್ತ, ಅವಳ ಮುಖ ಕಾಣದಿದ್ದುದರಿಂದಲೇ ಧೈರ್ಯ ಬಂದು, ವಂದೀ ಹೇಳಿದಳು.

"ನಿಮ್ಮಜ್ಜಿ ಕೇಳಿದ್ಲು ಕಣೇ. ಒತ್ತಬಹುದಾ ಅಂತ ಅಂಗಡೀವರ್ಗೂ ಬಂದು ಕೇಳಿದ್ಲು. ನರ್ಸು ಹೇಳಿದ್ದನ್ನ ನಾನು ಸರಿಯಾಗಿ ಕೇಳಿಸ್ಕೊಂಡಿರ್ಲಿಲ್ಲ. ಒತ್ತಬೇಕಂತೆ ಅಂದ್ಬಿಟ್ಟೆ."

ಫಿಕುನ್ ತಿರುಗಲಿಲ್ಲ.

"ನಂಗೂ ಅರ್ಧ ನೆನಪಿತ್ತಮ್ಮ," ಅಂದಳು. "ನರ್ಸು ಬೇಡ ಅಂದಿದ್ದು. ಮಂಪರಲ್ಲಿದ್ದೆ, ಆದ್ರೂ ಕೇಳಿಸಿತ್ತು. ನೋವು ಹೋದ್ರೆ ಸಾಕಿತ್ತು ನಂಗೆ. ಗಟ್ಟಿಯಾಗಿ ಒತ್ತು ಅಂತ ನಾನೇ ಅಂದೆ." ಆಮೇಲೆ, "ಸಿಟ್ಟು ಮಾಡ್ಕೊಳ್ಳೋಕೆ ಅಜ್ಜಿ ಸುಲಭವಾಗಿ ಸಿಕ್ಳು" ಅಂದಳು.

ವಂದೀ ಗಂಟು ಹಾಕಿದ ಕೂದಲನ್ನು ಬಿಡದೆ ಹಿಡಿದುಕೊಂಡೇ ಇದ್ದಳು. ನರ್ಸು ಬಂದು, ಅಮ್ಮ, ಇನ್ನು ಬಿಡಿ ಎಂದು ಅವಳ ಭುಜ ಮುಟ್ಟಿದಾಗ ಬಿಟ್ಟಳು. ಅದು ಅದೇ ಹಳೆಯ ನರ್ಸು. ವಂದೀ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅವಳು ಬಂದು ಒಂದು ಲೋಟ ಸಿಹಿ ಚಹಾ ಪಕ್ಕದಲ್ಲಿಟ್ಟು, ಏನೂ ಕೇಳದೆ ಹೋದಳು.

ಹೊಲಿಗೆ ಚೆನ್ನಾಗಿ ಕೂತಿದೆ ಎಂದರು ಡಾಕ್ಟರಮ್ಮ. ಆದರೆ ಮೊದಲಿನ ಹಾಗೆ ಎರಡೂ ಒಂದೇ ಸಮ ಆಗುವುದಿಲ್ಲ, ಒಮ್ಮೆ ಹಿಗ್ಗಿದ ಚರ್ಮ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಎಡಗಡೆ ಬೆರಳಗಲ ಕೆಳಗೇ ಇರುತ್ತದೆ. ಬಟ್ಟೆಯ ಮೇಲೆ ಯಾರಿಗೂ ಕಾಣುವುದಿಲ್ಲ. ಮೇಳದ ಕುಪ್ಪಸದಲ್ಲಿ ಕಾಣುತ್ತದೆ ಎಂದು ಫಿಕುನ್ ಹೇಳಲಿಲ್ಲ. ಸರಿ ಅಂದಳು. ನರ್ಸು ಹೇಳಿದ್ದನ್ನು ಈ ಸಲ ವಂದೀ ಒಂದೊಂದೇ ತಿರುಗಿ ಹೇಳಿ ಒಪ್ಪಿಸಿದಳು. ಎದೆಗೆ ಕಟ್ಟಿದ ಪಟ್ಟಿ ಬಿಚ್ಚಬಾರದು. ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಮುಂದಕ್ಕೆ ಚಾಚಬಾರದು. ಯಾರೂ ಕೈ ಹಚ್ಚಬಾರದು.

ಮನೆಗೆ ಬಂದಾಗ ಅಂಗಳದಲ್ಲಿ ಏನೋ ಬದಲಾಗಿದೆ ಅನ್ನಿಸಿತು. ಆಮೇಲೆ ನೋಡಿದರೆ, ಥೊಂಗ್ಸುಕ್ ಬಟ್ಟೆ ಒಣಹಾಕುವ ಹಗ್ಗವನ್ನು ಸೊಂಟದೆತ್ತರಕ್ಕೆ ಇಳಿಸಿ ಕಟ್ಟಿದ್ದ. ಗೋಡೆಯ ಕನ್ನಡಿಯನ್ನೂ, ಬಚ್ಚಲ ಮನೆಯ ಚೊಂಬಿನ ಮೊಳೆಯನ್ನೂ ಇಳಿಸಿದ್ದ. ಯಾರೂ ಕೇಳಿರಲಿಲ್ಲ, ಅವನೂ ಹೇಳಲಿಲ್ಲ. ಟೆಂಪೋ ತೊಳೆಯುವ ನೆಪದಲ್ಲಿ ಹೊರಗೇ ಉಳಿದ.

ವಂದೀ ಚಾಪೆ ಹಾಸಿ ಊಟಕ್ಕಿಟ್ಟಳು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಆಯಾಸಕ್ಕೆ ಇದ್ದದ್ದನ್ನೇ ಇಟ್ಟಿದ್ದಳು: ಬಿದಿರಿನ ಬುಟ್ಟಿಯಲ್ಲಿ ಅಂಟಕ್ಕಿ, ಕರಿದ ಮೊಟ್ಟೆ, ಕಳಲೆಯ ಸಾರು. ಖಾಮ್ಲಾ ಚಾಪೆಯ ಆಚೆ ಅಂಚಿನಲ್ಲಿ, ಕೈಗಳನ್ನು ತೊಡೆಯಡಿ ಸೇರಿಸಿಕೊಂಡು ಕೂತಿದ್ದಳು. ಮೊಟ್ಟೆಯನ್ನು ನೋಡಿದಳು. ನೋಡಿ, ಬೇರೆ ಕಡೆ ತಿರುಗಿದಳು.

ಫಿಕುನ್ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ತಟ್ಟೆಯನ್ನು ಮುಟ್ಟಲಿಲ್ಲ.

"ಅಜ್ಜಿ, ನಾನು ಏನೇನು ತಿನ್ನಬಾರ್ದು?"

"ಡಾಕ್ಟ್ರನ್ನ ಕೇಳು ಮಗಳೇ."

"ಕೇಳಿದೆ. ಎಲ್ಲಾ ತಿನ್ನು ಅಂದ್ರು."

"ಮತ್ತೆ ತಿನ್ನು."

"ಈಗ ನಿನ್ನ ಕೇಳ್ತಿದೀನಿ."

ಹೊರಗೆ ಥೊಂಗ್ಸುಕ್ ನೀರು ಸುರಿಯುವ ಸದ್ದು ನಿಂತಿತು. "ನಂಗೇನು ಗೊತ್ತು," ಅಂದಳು ಖಾಮ್ಲಾ. ಆಮೇಲೆ, ಚಾಪೆಯ ಎಳೆಯೊಂದನ್ನು ನೋಡುತ್ತ, ತಗ್ಗಿದ ದನಿಯಲ್ಲಿ, "ಅಂಟಕ್ಕಿ ಬೇಡ" ಅಂದಳು.

"ಮೊಟ್ಟೆ?"

"ಬೇಡ."

"ಹುಳಿಮೀನು?"

"ಅದನ್ನ ಬೇರೆ ಹೇಳ್ಬೇಕಾ."

ಫಿಕುನ್ ಬೆರಳ ತುದಿಯಿಂದ ತಟ್ಟೆಯನ್ನು ಅಮ್ಮನ ಕಡೆಗೆ ಸರಿಸಿದಳು. "ಸರಿ. ಕಾಯ್ತೀನಿ."

ಖಾಮ್ಲಾ ನೆಲಕ್ಕೆ ಕೈಯೂರಿ ಎದ್ದಳು. ವಂದೀ ಏಳಲು ಹೋದವಳು ಮಗಳ ಕಣ್ಣು ನೋಡಿ ಕೂತಳು. ಒಳಗೆ ಒಲೆ ಹೊತ್ತಿದ ಸದ್ದು, ಅಕ್ಕಿ ತೊಳೆದ ನೀರು ಚೆಲ್ಲಿದ ಸದ್ದು, ಮೀನಿಗೆ ಉಪ್ಪು ಸವರಿ ಕೆಂಡಕ್ಕಿಟ್ಟ ವಾಸನೆ. ಮನೆಯಲ್ಲಿ ಕೊರವ ಮೀನು ಇದ್ದದ್ದು ವಂದೀಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆಯೇ ತಂದು ತೊಟ್ಟಿಯಲ್ಲಿ ಜೀವಂತ ಬಿಟ್ಟಿದ್ದಳಂತೆ, ಯಾರಿಗೂ ಹೇಳದೆ. ಅವರು ಬಹಳ ಹೊತ್ತು ಕಾದರು. ಥೊಂಗ್ಸುಕ್ ಕೈ ಒರೆಸಿಕೊಂಡು ಬಂದು, ತಟ್ಟೆಗೆ ಕೈ ಹಾಕದೆ, ಅವನೂ ಕಾದ.

ಖಾಮ್ಲಾ ಬಟ್ಟಲು ಹಿಡಿದು ಬಂದಳು. ಉದುರು ಅನ್ನ, ಮೇಲೆ ಮುಳ್ಳು ಬಿಡಿಸಿದ ಬಿಳಿ ಮೀನು. ಈಚಿನ ಅಭ್ಯಾಸದಂತೆ ಅದನ್ನು ದೂರದಲ್ಲಿ ನೆಲಕ್ಕಿಡಲು ಬಾಗಿದಳು. ಬಾಗಿದವಳಿಗೆ, ಹುಡುಗಿ ತೋಳು ಚಾಚಿ ತೆಗೆದುಕೊಳ್ಳಲಾರಳೆಂದು ಹೊಳೆಯಿತು. ಫಿಕುನ್ ಮೊಣಕೈ ಅಲುಗಿಸದೆ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಕೂತಿದ್ದಳು.

ಮುದುಕಿ ಮೆಲ್ಲಗೆ ಮಂಡಿಯೂರಿ, ಹತ್ತಿರ ಸರಿದು, ಬಟ್ಟಲನ್ನು ಮೊದಲು ತನ್ನ ಮೊಣಕೈಗೆ ತಾಗಿಸಿ ಬಿಸಿ ನೋಡಿದಳು. ಆಮೇಲೆ ಆ ಅಂಗೈಗಳಲ್ಲಿ ಇಟ್ಟಳು. ಭಾರ ಪೂರ್ತಿ ಮೊಮ್ಮಗಳ ಕೈಗೆ ಬರುವವರೆಗೂ ಬಿಡಲಿಲ್ಲ.